ಇಪ್ಪತ್ತನೇ ವರ

"ಪಾಸ್‌ವರ್ಡ್ ಕೊಡಿ."

"ಕೊಡೂದಿಲ್ಲ!"

ಎದುರಿಗಿದ್ದವನು ತಬ್ಬಿಬ್ಬಾದ. ಹೆಗಲ ಮೇಲೆ ಲ್ಯಾಪ್‌ಟಾಪ್ ಚೀಲ, ಹಣೆಯ ತುಂಬ ಬೆವರು. ಕುಮಟಾದಿಂದ ಹೊನ್ನಾವರದವರೆಗೂ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದ. ಕೂತುಕೊಳ್ಳಿ ಎಂಬ ಮಾತೂ ಇನ್ನೂ ಅವನ ಕಿವಿಗೆ ಬಿದ್ದಿರಲಿಲ್ಲ.

"ಮೇಡಂ, ವೆಬ್‌ಸೈಟನ್ನು ಹಳೇ ಸರ್ವರ್‌ನಿಂದ ಹೊಸದಕ್ಕೆ ಸಾಗಿಸೂಕೆ ನೀವೇ ಕರೆಸಿದ್ದು..."

"ಕರೆಸಿದ್ದು ನಮ್ಮ ದೊಡ್ಡಮ್ಮ. ನಾನಲ್ಲ." ಗೀತಾಂಜಲಿಯ ಎಡಗೈ ತಾನಾಗಿ ಸೊಂಟದ ಮೇಲೆ ಹೋಗಿತ್ತು. "ಅದರಲ್ಲಿ ಸಾವಿರಾರು ಮನೆಯ ಹೆಣ್ಣುಮಕ್ಕಳ ಫೋಟೋ ಇದೆ, ಫೋನ್ ನಂಬರ್ ಇದೆ. ಯಾರು ಎಂತ ಅಂತ ಗೊತ್ತಿಲ್ಲದವರ ಕೈಗೆ ಹಾಗೇ ಕೊಟ್ಟುಬಿಡೂದಾ?"

ಹೊನ್ನಾವರದ ಬಜಾರಿನಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಆ ವಧೂವರ ಕೇಂದ್ರ. ಇಪ್ಪತ್ತೆರಡು ವರ್ಷಗಳ ಹಿಂದೆ ಗೀತಾಂಜಲಿಯ ದೊಡ್ಡಮ್ಮ ದೇವಿ ಒಂದು ಮೇಜು, ಎರಡು ನೋಟುಬುಕ್ಕು ಇಟ್ಟುಕೊಂಡು ಶುರು ಮಾಡಿದ್ದು. ಈಗ ಭಟ್ಕಳದಿಂದ ಕುಮಟಾದವರೆಗಿನ ಮನೆಗಳು ಅದರ ವೆಬ್‌ಸೈಟಿನಲ್ಲೇ ಹುಡುಗ, ಹುಡುಗಿ ನೋಡುತ್ತಿದ್ದವು. ಸೈಟನ್ನು ಇಷ್ಟು ದಿನ ತನ್ನ ಸರ್ವರ್‌ನಲ್ಲಿ ಇಟ್ಟುಕೊಂಡಿದ್ದ ಸಂಸ್ಥೆ ಆ ವ್ಯವಹಾರವನ್ನೇ ನಿಲ್ಲಿಸುತ್ತಿತ್ತು. ತಿಂಗಳ ಕೊನೆಯೊಳಗೆ ಎಲ್ಲವನ್ನೂ ಬೇರೆ ಕಡೆಗೆ ಒಯ್ಯಬೇಕಿತ್ತು. ಅದಕ್ಕಾಗಿ ಬಂದವನು ಪ್ರಮೋದ. ಊರು ಹಿರೇಗುತ್ತಿ, ಕುಮಟಾದಲ್ಲಿ ಸ್ವಂತ ಕಂಪ್ಯೂಟರ್ ಸರ್ವಿಸ್ ಅಂಗಡಿ.

ಅವನು ಸಿಟ್ಟಾಗಲಿಲ್ಲ. ಲ್ಯಾಪ್‌ಟಾಪ್ ತೆರೆದು ಅವಳ ಕಡೆಗೆ ತಿರುಗಿಸಿದ.

"ನೋಡಿ ಮೇಡಂ. ಜನ ನೋಡುವ ಪುಟಗಳು ಒಂದು ಕಡೆ ಇರ್ತವೆ. ಹೆಸರು, ಫೋಟೋ, ನಂಬರ್ ಎಲ್ಲ ಡೇಟಾಬೇಸ್‌ನಲ್ಲಿ ಇರ್ತದೆ. ಎರಡನ್ನೂ ಜೋಡಿಸೂದು ಈ ಸಣ್ಣ ಫೈಲು. ನಾಲ್ಕೇ ಸಾಲು. ಯಾವ ಸರ್ವರ್, ಯಾವ ಡೇಟಾಬೇಸ್, ಯಾವ ಹೆಸರಿನಲ್ಲಿ ಒಳಗೆ ಹೋಗಬೇಕು, ಪಾಸ್‌ವರ್ಡ್ ಎಂತ... ಮನೆ ಬದಲಿಸಿದ ಮೇಲೆ ಈ ನಾಲ್ಕು ಸಾಲನ್ನೂ ಬದಲಿಸಬೇಕು. ಇಲ್ಲದಿದ್ರೆ ಸೈಟು ಖಾಲಿ ಮನೆಯ ಬಾಗಿಲು ತಟ್ತಾ ನಿಲ್ತದೆ. ಪಾಸ್‌ವರ್ಡ್ ನೀವೇ ಹಾಕಿ. ನಾನು ಆಚೆ ಮುಖ ಮಾಡ್ತೆ."

"ಹಾಕಿದ ಮೇಲೆ ಫೈಲಿನಲ್ಲಿ ಕಾಣೂದಿಲ್ವಾ?"

"ಕಾಣ್ತದೆ." ಅವನು ನೇರವಾಗಿ ಒಪ್ಪಿಕೊಂಡ. "ಬೇಕಂದ್ರೆ ನಾನು ನೋಡಬಹುದು. ಅದಕ್ಕೇ, ಕೆಲಸ ಮುಗಿದ ದಿನ ಪಾಸ್‌ವರ್ಡ್ ಬದಲಿಸೂದು ಹೇಗೆ ಅಂತ ನಿಮಗೆ ಕಲಿಸಿಕೊಟ್ಟೇ ಹೋಗ್ತೆ."

ಗೀತಾಂಜಲಿ ಅವನ ಮುಖವನ್ನು ಆಗ ಮೊದಲ ಸಲ ಸರಿಯಾಗಿ ನೋಡಿದಳು. 'ಸುಳ್ಳು ಹೇಳಬಹುದಿತ್ತಲ್ಲ... ಹೇಳಲಿಲ್ಲ!'

"ಕೂತ್ಕೊಳ್ಳಿ," ಎಂದಳು. ದನಿ ಇನ್ನೂ ಗಡುಸಾಗಿಯೇ ಇತ್ತು. "ಆದ್ರೆ ಒಂದು ಮಾತು. ಹೊಸ ಕಡೆ ಪರೀಕ್ಷೆ ಮಾಡುವಾಗ ನಮ್ಮ ಹುಡುಗಿಯರ ಮಾಹಿತಿ ಒಂದೂ ಹೊರಗೆ ಕಾಣಬಾರದು."

"ಆತು. ಪರೀಕ್ಷೆಗೇ ಬೇರೆ ಡೇಟಾಬೇಸ್ ಮಾಡುವಾ. ಅದರಲ್ಲಿ ಸುಳ್ಳು ಹೆಸರುಗಳನ್ನು ತುಂಬಿಸುವಾ. ಕೆಲಸ ಆದ ಮೇಲೆ ಅಳಿಸಿದ್ರಾಯ್ತು."

ಹಾಗೆ ಶುರುವಾದ ಕೆಲಸ ಹನ್ನೆರಡು ದಿನ ನಡೆಯಿತು.

ದಿನಾ ಹತ್ತೂವರೆಗೆ ಮೆಟ್ಟಿಲ ಮೇಲೆ ಅವನ ಚಪ್ಪಲಿ ಸದ್ದು. ಮೂರನೇ ದಿನ ಅವಳು ಅವನಿಗೂ ಒಂದು ಚಹಾ ಹೇಳಿದಳು. ಐದನೇ ದಿನ ಚಹಾದ ಜೊತೆ ಬನ್ಸ್ ಬಂತು. ಏಳನೇ ದಿನ ಹತ್ತೂವರೆ ದಾಟಿ ಹತ್ತು ನಿಮಿಷವಾದರೂ ಸದ್ದು ಕೇಳದೆ ಹೋದಾಗ, ಅವಳು ಸುಮ್ಮನೆ ಎದ್ದು ಕಿಟಕಿಯಿಂದ ಬಜಾರನ್ನು ನೋಡಿದಳು.

'ಎಂತಕ್ಕೆ ನೋಡ್ತಾ ಇದ್ದೆ ನಾನು?' ತನ್ನ ಮೇಲೆ ತನಗೇ ಸಿಟ್ಟು ಬಂತು.

ಮೀನುಗಳ ಹೆಸರನ್ನೇ ಸುಳ್ಳು ಹೆಸರಾಗಿ ತುಂಬಿಸಿದ ಮಧ್ಯಾಹ್ನವಂತೂ ಇಬ್ಬರೂ ನಕ್ಕು ನಕ್ಕು ಸುಸ್ತಾಗಿದ್ದರು.

"ಮೊದಲನೇ ವರ, ಬಂಗಡೆ ಕುಮಾರ," ಅಂದ ಪ್ರಮೋದ.

"ವಧು, ತಾರ್ಲೆ ಕುಮಾರಿ," ಅಂದಳು ಅವಳು. "ಎತ್ತರ?"

"ಬಾಲ ಸೇರಿಸಿ ಅರ್ಧ ಅಡಿ."

"ಉದ್ಯೋಗ?"

"ಬಲೆಗೆ ಸಿಕ್ಕದೆ ಇರೂದು!"

ಹತ್ತೊಂಬತ್ತು ಜನ ಹೀಗೆ ಹುಟ್ಟಿದರು. ಒಳಗಿನಿಂದ ಬಂದ ದೇವಿ ದೊಡ್ಡಮ್ಮ ಬಾಗಿಲಲ್ಲೇ ನಿಂತಳು. ಮೂರು ವರ್ಷವಾಗಿತ್ತು, ಈ ಹುಡುಗಿ ಬಾಯಿ ತೆರೆದು ನಕ್ಕಿದ್ದನ್ನು ಅವಳು ಕಂಡು.

ಮೂರು ವರ್ಷಗಳ ಹಿಂದೆ ಗೀತಾಂಜಲಿಗೆ ನಿಶ್ಚಿತಾರ್ಥ ಆಗಿತ್ತು. ಆಮಂತ್ರಣ ಪತ್ರಿಕೆ ಹಂಚಿಯೂ ಆಗಿತ್ತು. ಆಗ ಹುಡುಗನ ಕಡೆಯವರು ಕಾರಣ ಕೂಡ ಹೇಳದೆ ಬೇಡ ಎಂದುಬಿಟ್ಟರು. ಅವತ್ತಿನಿಂದ ಅವಳು ಯಾವ ಮದುವೆ ಮಂಟಪಕ್ಕೆ ಹೋದರೂ ಬೆನ್ನ ಹಿಂದೆ ಪಿಸುಮಾತು. 'ಊರಿಗೆಲ್ಲ ಮದುವೆ ಮಾಡಿಸ್ತದೆ, ಅದಕ್ಕೇ ಒಂದು ಗಂಡು ಇಲ್ಲ ನೋಡಿ...' ಕೇಳಿಸದವಳಂತೆ ಅವಳು ಹೂ ಹಂಚುತ್ತಿದ್ದಳು.

ಇದೆಲ್ಲ ಪ್ರಮೋದನಿಗೆ ಯಾರೋ ಹೇಳಿದ್ದರು. ಅವನು ಅದರ ಬಗ್ಗೆ ಒಂದು ದಿನವೂ ಅವಳನ್ನು ಕೇಳಲಿಲ್ಲ.

ಶನಿವಾರ ಸಂಜೆ ಹೊಸ ಸರ್ವರ್ ಚಾಲೂ ಆಯಿತು. ಪ್ರಮೋದ ಆ ನಾಲ್ಕು ಸಾಲುಗಳಲ್ಲಿ ಪರೀಕ್ಷೆಯ ಡೇಟಾಬೇಸಿನ ಹೆಸರು ತೆಗೆದು ನಿಜವಾದದ್ದರ ಹೆಸರು ಬರೆದ. ಮೊಬೈಲಿನಲ್ಲಿ ಗೀತಾಂಜಲಿಯೇ ನೋಡಿದಳು. ಎಲ್ಲ ಹುಡುಗಿಯರೂ ಕ್ಷೇಮವಾಗಿ ಹೊಸ ಮನೆ ಸೇರಿದ್ದರು.

"ನಾಳೆ ಕುಮಟಾದಲ್ಲಿ ನಮ್ಮ ವಧೂವರರ ಸಮಾವೇಶಕ್ಕೆ ನೀವೂ ಬನ್ನಿ," ಅಂದಳು. ಮತ್ತೆ ನೆಲ ನೋಡುತ್ತ ಸೇರಿಸಿದಳು, "ಸೈಟಿಗೆ ಎಂತಾದ್ರೂ ಆದ್ರೆ... ಅಂತ."

"ಎಂತ ಆಗದಿದ್ರೂ ಬರ್ತೆ," ಅಂದ ಅವನು.

ಅವಳ ಕೆನ್ನೆ ಬಿಸಿಯಾಯಿತು.

ಭಾನುವಾರ ಬೆಳಿಗ್ಗೆ ಕುಮಟಾದ ಸಭಾಭವನದಲ್ಲಿ ಮುನ್ನೂರು ಜನ. ಅಬ್ಬಲಿಗೆ ಮುಡಿದ ಹೆಂಗಸರು, ಇಸ್ತ್ರಿ ಅಂಗಿಯ ಹುಡುಗರು, ಕನ್ನಡಕ ಒರೆಸಿಕೊಳ್ಳುವ ಅಪ್ಪಂದಿರು. ವೇದಿಕೆಯ ಮೇಲೆ ದೊಡ್ಡ ಪರದೆ. ನಿರೂಪಣೆಗೆ ನಿವೃತ್ತ ಶಿಕ್ಷಕ ನಾಗರಾಜ ಮಾಸ್ತರ್ರು. ಪರದೆಯ ಮೇಲೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದುವುದು ಅವರ ಅಭ್ಯಾಸ.

ಹತ್ತು ಗಂಟೆಗೆ ದೇವಿ ದೊಡ್ಡಮ್ಮ ಹೇಳಿದಳು, "ನಮ್ಮ ಸೈಟು ಹೊಸ ಜಾಗಕ್ಕೆ ಬಂದಿದೆ. ಇತ್ತೀಚೆಗೆ ಹೆಸರು ಕೊಟ್ಟವರನ್ನು ತೋರಿಸ್ತಾರೆ, ನೋಡಿ."

ಪರದೆಯ ಮೇಲೆ ಪುಟ ತೆರೆಯಿತು. ಮಾಸ್ತರ್ರು ಪಟ್ಟಿಯ ಕೆಳಗಿನಿಂದ ಓದಿಕೊಂಡು ಬಂದರು.

"ವರ, ಬಂಗಡೆ ಕುಮಾರ. ಉದ್ಯೋಗ... ಬಲೆಗೆ ಸಿಕ್ಕದೆ ಇರುವುದು?"

ಸಭೆ ಗೊಳ್ಳೆಂದು ನಕ್ಕಿತು.

ಗೀತಾಂಜಲಿ ಹೂವಿನ ತಟ್ಟೆ ಹಿಡಿದುಕೊಂಡೇ ಪರದೆಯ ಕಡೆ ತಿರುಗಿದಳು. ಇದು ಹೇಗೆ ಇಲ್ಲಿಗೆ ಬಂತು? ನಿನ್ನೆ ಸರಿಯಾಗಿಯೇ ಇತ್ತಲ್ಲ!

"ವಧು, ತಾರ್ಲೆ ಕುಮಾರಿ... ಎಂತ ಮಾರಾಯ್ರೆ ಇದು! ಇರಲಿ, ಮೇಲೆ ಸರಿಯಾದದ್ದು ಒಂದು ಇದೆ. ವರ, ಪ್ರಮೋದ. ಊರು ಹಿರೇಗುತ್ತಿ. ವಧು ಹೇಗಿರಬೇಕು? 'ಹೊನ್ನಾವರದವಳೇ ಆಗಿರಬೇಕು. ಬೈಯುವಾಗ ಎಡಗೈ ಸೊಂಟದ ಮೇಲೆ ಇಡಬೇಕು. ಪಾಸ್‌ವರ್ಡ್ ಕೇಳಿದರೆ ಕೊಡಬಾರದು...'"

ಸಭೆ ಇನ್ನೂ ಜೋರಾಗಿ ನಕ್ಕಿತು. ಮುಂದಿನ ಸಾಲಿನ ಹೆಂಗಸರು ತಿರುಗಿ ತಿರುಗಿ ಗೀತಾಂಜಲಿಯನ್ನೇ ನೋಡತೊಡಗಿದರು.

ಅವಳಿಗೆ ಮುಂದಿನದು ಕೇಳಿಸಲಿಲ್ಲ. ಕಿವಿಯಲ್ಲಿ ಒಂದೇ ಮೊರೆತ.

'ಬಂಗಡೆ, ತಾರ್ಲೆ, ಆಮೇಲೆ ನಾನು! ಇವನಿಗೆ ನಾನೂ ಒಂದು ತಮಾಷೆ... ನಾನು ನಕ್ಕಿದ್ದೇ ತಪ್ಪಾಯ್ತು!'

ತಟ್ಟೆ ಇಟ್ಟು ಅವಳು ಹೊರಗೆ ಓಡಿದಳು. ಭವನದ ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದಿದ್ದ ಪ್ರಮೋದ ಎದ್ದು ನಿಂತ. ಅವನ ಮುಖ ಬಿಳಚಿಕೊಂಡಿತ್ತು.

"ಗೀತಾಂಜಲಿಯವರೇ, ತಪ್ಪು ನನ್ನದೇ. ಬೆಳಿಗ್ಗೆ ಕೆಲವು ಫೋಟೋ ಕಾಣ್ತಾ ಇರಲಿಲ್ಲ. ಅದನ್ನು ಸರಿ ಮಾಡೂಕೆ ನನ್ನ ಲ್ಯಾಪ್‌ಟಾಪಿನಿಂದ ಇಡೀ ಫೋಲ್ಡರನ್ನೇ ಸರ್ವರ್‌ಗೆ ಹಾಕಿದೆ. ಅದರ ಜೊತೆ ಆ ನಾಲ್ಕು ಸಾಲಿನ ಫೈಲೂ ಹೋಯ್ತು. ಅದರಲ್ಲಿ ಇನ್ನೂ ಪರೀಕ್ಷೆಯ ಡೇಟಾಬೇಸಿನ ಹೆಸರೇ ಇತ್ತು..."

"ಅದಲ್ಲ ನಾನು ಕೇಳಿದ್ದು! ಅದರಲ್ಲಿ ನನ್ನ ಬಗ್ಗೆ ಎಂತಕ್ಕೆ ಬರೆದ್ರಿ?"

"ಅದು ತಮಾಷೆಗೆ ಬರೆದದ್ದಲ್ಲ. ದಯವಿಟ್ಟು ಪೂರ್ತಿ..."

"ಸಾಕು!" ಅವಳ ಕಣ್ಣು ತುಂಬಿತು. "ಮೂರು ವರ್ಷದಿಂದ ಜನ ಬೆನ್ನ ಹಿಂದೆ ನಗ್ತಾ ಇದ್ರು. ಇವತ್ತು ಎದುರಿಗೇ ನಗುವ ಹಾಗೆ ಮಾಡಿದ್ರಿ. ಸೈಟು ಸರಿ ಮಾಡಿ. ಮತ್ತೆ ನಮ್ಮ ಮೆಟ್ಟಿಲು ಹತ್ತಬೇಡಿ."

ಅವಳು ಸಿಕ್ಕಿದ ರಿಕ್ಷಾ ಹತ್ತಿ ಬಸ್ ನಿಲ್ದಾಣಕ್ಕೆ ಹೋದಳು. ಬಸ್ಸು ಹೊನ್ನಾವರ ಮುಟ್ಟುವಷ್ಟರಲ್ಲಿ ಸೆರಗಿನ ತುದಿ ಒದ್ದೆಯಾಗಿತ್ತು.

ಆ ಸಂಜೆ ಅವನಿಂದ ಒಂದೇ ಒಂದು ಸಂದೇಶ ಬಂತು. 'ಕೆಲಸ ಮುಗಿಯಿತು. ಈಗಲೇ ಪಾಸ್‌ವರ್ಡ್ ಬದಲಿಸಿ. ಹೇಗೆಂದು ಕೆಳಗೆ ಬರೆದಿದ್ದೇನೆ. ಬದಲಿಸಿದ ಮೇಲೆ ನಾನೂ ಒಳಗೆ ಬರಲು ಆಗುವುದಿಲ್ಲ.' ಕೆಳಗೆ ಆರು ಸಾಲುಗಳಲ್ಲಿ ಎಲ್ಲ ವಿವರ.

ಕ್ಷಮೆ ಕೇಳಿದ್ದರೆ ಅವಳು ಬೈಯುತ್ತಿದ್ದಳು. ನೆಪ ಹೇಳಿದ್ದರೆ ಅಳಿಸುತ್ತಿದ್ದಳು. ಇದಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವನು ಹೇಳಿದಂತೆಯೇ ಒಂದೊಂದೇ ಗುಂಡಿ ಒತ್ತಿ ಪಾಸ್‌ವರ್ಡ್ ಬದಲಿಸಿದಳು. ಬದಲಿಸಿದ ಮೇಲೆ ಮತ್ತೆ ಅಳು ಬಂತು.

ಹತ್ತು ದಿನ ಕಳೆಯಿತು. ಹತ್ತೂವರೆಗೆ ಮೆಟ್ಟಿಲ ಮೇಲೆ ಯಾವ ಚಪ್ಪಲಿ ಸದ್ದಾದರೂ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಬರುತ್ತಿದ್ದವರು ಬೇರೆ ಯಾರೋ. ದೇವಿ ದೊಡ್ಡಮ್ಮ ಎರಡು ಸಲ ಮಾತು ತೆಗೆದಳು. ಎರಡು ಸಲವೂ ಅವಳು ಎದ್ದು ಹೋದಳು.

ಹನ್ನೊಂದನೇ ದಿನ ಒಬ್ಬ ಹೆಂಗಸು ಬಂದಳು. ಮೂವತ್ತೆರಡರ ವಯಸ್ಸು, ಸರಳ ಹತ್ತಿ ಸೀರೆ. ಜೊತೆಯಲ್ಲಿ ಅವಳ ಅಣ್ಣ ಅಜಯ.

"ನಾನು ರೂಪಾ, ತೆಂಗಿನಗುಂಡಿಯಿಂದ ಬಂದೆ. ಸಮಾವೇಶದ ದಿನ ಬೆಳಿಗ್ಗೆ ಮೊಬೈಲಿನಲ್ಲಿ ಹೆಸರು ಕೊಟ್ಟಿದ್ದೆ. ಈಗ ಕಾಸರಕೋಡಿನಿಂದ ಒಬ್ರು ಕೇಳಿದ್ದಾರೆ. ಅವರಿಗೂ ಎರಡನೇದೇ. ಮಾತಾಡಿ ನೋಡುವಾ ಅಂತ..."

ರೂಪಾಳ ಗಂಡ ತೀರಿಕೊಂಡು ಐದು ವರ್ಷವಾಗಿತ್ತು. ಗೀತಾಂಜಲಿ ಅವಳ ಹೆಸರನ್ನು ಕಂಪ್ಯೂಟರಿನಲ್ಲಿ ಹುಡುಕಿ ಹುಬ್ಬೇರಿಸಿದಳು. ಸಮಾವೇಶದ ದಿನ, ಬೆಳಿಗ್ಗೆ ಒಂಬತ್ತೂವರೆ.

"ಆ ಹೊತ್ತಿಗೆ ನಮ್ಮ ಸೈಟು ತಪ್ಪು ಡೇಟಾಬೇಸಿಗೆ ಜೋಡಣೆಯಾಗಿತ್ತು. ನಿಮ್ಮ ಹೆಸರು ಇಲ್ಲಿ ಇರಲೇಬಾರದಿತ್ತಲ್ಲ ಅಕ್ಕ?"

"ಅದೇ, ಅವತ್ತೇ ಆ ಪ್ರಮೋದ ಅನ್ನುವವರು ಫೋನ್ ಮಾಡಿದ್ರು. 'ಅಕ್ಕ, ನನ್ನ ತಪ್ಪಿನಿಂದ ನಿಮ್ಮ ಹೆಸರು ಅಳಿಸಿ ಹೋಗುವ ಜಾಗದಲ್ಲಿ ಬಿದ್ದಿದೆ, ಸರಿಯಾದ ಜಾಗಕ್ಕೆ ಹಾಕೂದಾ' ಅಂತ ಕೇಳಿದ್ರು. ನಮ್ಮ ಹಾಗೆ ಏಳು ಜನ ಇದ್ರಂತೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿ ಕೇಳಿ ಹಾಕ್ತಾ ಇದ್ರು."

ಗೀತಾಂಜಲಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಫೈಲಿನಲ್ಲಿ ಒಂದು ಹೆಸರು ಬದಲಿಸಿದ್ದರೆ ಸೈಟು ಸರಿಯಾಗುತ್ತಿತ್ತು. ಆ ಏಳು ಜನ ಯಾರಿಗೂ ತಿಳಿಯದ ಹಾಗೆ ಮಾಯವಾಗುತ್ತಿದ್ದರು. ಅವನನ್ನು ಕೇಳುವವರೂ ಇರಲಿಲ್ಲ. ತಾನು ಬೈದು ಓಡಿ ಬಂದ ಮೇಲೆ ಅವನು ಅಲ್ಲೇ ಕೂತು ಅಷ್ಟೂ ಕೆಲಸ ಮಾಡಿದ್ದ!

"ನನಗೆ ಅಷ್ಟೊತ್ತಿಗೆ ಧೈರ್ಯ ಹೋಗಿತ್ತು," ರೂಪಾ ಮೆಲ್ಲಗೆ ಹೇಳಿದಳು. "ಬೇಡ, ಅಳಿಸಿಬಿಡಿ, ಜನ ನಗ್ತ್ರು ಅಂದೆ. ಆಗ ಅವರು, 'ಅಕ್ಕ, ಇವತ್ತು ಬೆಳಿಗ್ಗೆ ನನ್ನ ಮನಸ್ಸಿನಲ್ಲಿದ್ದದ್ದನ್ನು ಮುನ್ನೂರು ಜನರ ಎದುರು ಓದಿದ್ರು. ಎಲ್ಲರೂ ನಕ್ರು. ನಕ್ಕರೆ ಎಂತ ಆಗೂದಿಲ್ಲ. ಆದ್ರೆ ನನ್ನಿಂದ ಒಬ್ಬರ ಕಣ್ಣಲ್ಲಿ ನೀರು ಬಂತು, ಅದನ್ನು ಮಾತ್ರ ತಡೆಯೂಕೆ ಆಗ್ತಾ ಇಲ್ಲ' ಅಂದ್ರು. ಅವರ ದನಿ ಕೇಳಿ ನಾನೇ ಸಮಾಧಾನ ಮಾಡಿದೆ ನೋಡಿ. ಆಮೇಲೆ, ಆತು, ಹಾಕಿ ಅಂದೆ."



ಅವರು ಹೋದ ಮೇಲೆ ಅವಳು ಒಳಕೋಣೆಗೆ ಹೋದಳು. ದೊಡ್ಡಮ್ಮ ವೀಳ್ಯದೆಲೆ ಒರೆಸುತ್ತ ಕೂತಿದ್ದಳು.

"ದೊಡ್ಡಮ್ಮ... ಅವತ್ತು ಮಾಸ್ತರ್ರು ಮುಂದೆ ಎಂತ ಓದಿದ್ರು?"

"ಈಗ ಕೇಳೂಕೆ ಪುರುಸೊತ್ತು ಆಯ್ತಾ?" ದೊಡ್ಡಮ್ಮ ಎಲೆ ಬದಿಗಿಟ್ಟಳು. "ನೀ ಓಡಿ ಹೋದ ಮೇಲೆ ಸಭೆಯಲ್ಲಿ ಯಾರೂ ನಗಲಿಲ್ಲ, ಗೊತ್ತುಂಟಾ? ಮಾಸ್ತರ್ರಿಗೇ ಕೊನೆಯ ಸಾಲು ಓದೂಕೆ ಆಗಲಿಲ್ಲ. ಕನ್ನಡಕ ತೆಗೆದ್ರು."

"ಎಂತ ಬರೆದಿದ್ರು?"

"ನಾನು ಹೇಳೂದಿಲ್ಲ. ಅದು ನನಗೆ ಬರೆದದ್ದಲ್ಲ." ದೊಡ್ಡಮ್ಮ ಗಡಿಯಾರ ನೋಡಿದಳು. "ಹನ್ನೆರಡೂ ಕಾಲಿಗೆ ಕುಮಟಾ ಬಸ್ಸುಂಟು."

ಪ್ರಮೋದನ ಅಂಗಡಿ ಕುಮಟಾ ಬಸ್ ನಿಲ್ದಾಣದಿಂದ ಐದು ನಿಮಿಷ. ಅವನು ಬಿಚ್ಚಿಟ್ಟ ಪ್ರಿಂಟರ್ ಒಂದರ ಮುಂದೆ ಕೂತಿದ್ದ. ಬೆರಳಿಗೆಲ್ಲ ಶಾಯಿ. ಬಾಗಿಲಲ್ಲಿ ನೆರಳು ಬಿದ್ದಾಗ ತಲೆ ಎತ್ತದೆ, "ಎಂತ ಆಗಬೇಕಿತ್ತು?" ಅಂದ.

"ಒಬ್ಬರನ್ನು ಕೇಳಬೇಕಿತ್ತು."

ಅವನು ಥಟ್ಟನೆ ಎದ್ದ. ಮೊಳಕೈ ತಾಗಿ ತಿರುಪುಗಳ ಡಬ್ಬಿ ನೆಲಕ್ಕೆ ಬಿದ್ದು ಚೆಲ್ಲಾಪಿಲ್ಲಿಯಾಯಿತು.

"ನೀ... ನೀವು..."

"ರೂಪಕ್ಕ ಬಂದಿದ್ರು." ದಾರಿಯುದ್ದಕ್ಕೂ ಅವಳು ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಈಗ ಒಂದೂ ನೆನಪಾಗಲಿಲ್ಲ. "ಅವತ್ತು ನಾನು ಎರಡೇ ಸಾಲು ಕೇಳಿ ಓಡಿದೆ. ಪೂರ್ತಿ ಕೇಳಲಿಲ್ಲ. ನಿಮ್ಮ ಮಾತನ್ನೂ ಕೇಳಲಿಲ್ಲ. ತಪ್ಪಾಯ್ತು."

"ನಿಮ್ಮದೆಂತ ತಪ್ಪು? ಆ ಜಾಗದಲ್ಲಿ ಯಾರಿದ್ರೂ ಹಾಗೇ ಅಂದ್ಕೊಳ್ತಿದ್ರು."

"ಅದನ್ನು ಎಂತಕ್ಕೆ ಬರೆದ್ರಿ?"

ಪ್ರಮೋದ ಶಾಯಿ ಬೆರಳನ್ನು ಬಟ್ಟೆಗೆ ಒರೆಸಿಕೊಂಡ. "ಮೊಬೈಲಿಗೆ ಸಂದೇಶ ಬರ್ತದಾ ನೋಡೂಕೆ ಒಂದು ನಿಜವಾದ ನಂಬರ್ ಬೇಕಿತ್ತು. ಹತ್ತೊಂಬತ್ತು ಆದ ಮೇಲೆ ಇಪ್ಪತ್ತನೇ ವರ ಅಂತ ನನ್ನದೇ ಹಾಕಿದೆ. ವಧು ಹೇಗಿರಬೇಕು ಅಂತ ಒಂದು ಜಾಗ ಇತ್ತು. ಉದ್ದ ಬರೆದ್ರೆ ಕನ್ನಡ ಅಕ್ಷರ ಸರಿ ಕೂರ್ತದಾ ನೋಡಬೇಕಿತ್ತು... ಬರೀತಾ ಹೋದ ಹಾಗೆ ನಿಮ್ಮದೇ ಬಂತು. ಹೇಗೂ ಅಳಿಸಿ ಹೋಗೂದಲ್ಲ ಅಂತ ಧೈರ್ಯವಾಗಿ ಬರೆದೆ. ಎದುರು ನಿಂತು ಹೇಳೂಕೆ ಇಲ್ಲದ ಧೈರ್ಯ."

"ಅದನ್ನು ನನಗೆ ತೋರಿಸಿ. ಓದಬೇಕು."

"ಇಲ್ಲ."

"ಎಂತಕ್ಕೆ?"

"ಅವತ್ತೇ ಅಳಿಸಿದೆ. ನಿಮಗೆ ಅಷ್ಟು ನೋವು ಕೊಟ್ಟದ್ದನ್ನು ಇಟ್ಟುಕೊಳ್ಳೂಕೆ ಮನಸ್ಸು ಬರಲಿಲ್ಲ. ಎಲ್ಲಿಯೂ ಪ್ರತಿ ಇಲ್ಲ."

ಹೊರಗೆ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ಗೀತಾಂಜಲಿ ಒಂದು ಹೆಜ್ಜೆ ಮುಂದೆ ಬಂದಳು.

"ಹಾಗಾದ್ರೆ ಬಾಯಲ್ಲಿ ಹೇಳಿ."

"ಈಗಲಾ?"

"ಈಗಲೇ. ಹೊನ್ನಾವರದಿಂದ ಅದಕ್ಕೇ ಬಂದದ್ದು."

ಅವನು ತುಟಿ ಒದ್ದೆ ಮಾಡಿಕೊಂಡ. ಮುನ್ನೂರು ಜನರ ನಗುವಿಗೆ ಹೆದರದವನು ಈ ಎರಡು ಕಣ್ಣಿಗೆ ಹೆದರಿದ್ದ.

"ಬೇರೆಯವರ ಮನೆಯ ಹುಡುಗಿಯರನ್ನು ಸ್ವಂತ ತಂಗಿಯ ಹಾಗೆ ಕಾಯುವವಳು," ನಿಧಾನವಾಗಿ ಶುರು ಮಾಡಿದ. "ಎಲ್ಲರ ಮದುವೆಯಲ್ಲಿ ಹೂ ಹಂಚಿ, ಸಂತೋಷಪಟ್ಟು, ಆಮೇಲೆ ಒಬ್ಬಳೇ ಮನೆಗೆ ಹೋಗುವವಳು. ತನಗಾದ ನೋವನ್ನು ಯಾರ ಮೇಲೂ ಹಾಕದವಳು. ಅವಳು ನಕ್ಕರೆ ಆ ದಿನ ನನಗೆ ಕೆಲಸ ಭಾರ ಅನ್ನಿಸೂದಿಲ್ಲ..."

ಅವನು ಅಷ್ಟಕ್ಕೇ ನಿಲ್ಲಿಸಿದ.

"ಕೊನೆಯ ಸಾಲು?" ಗೀತಾಂಜಲಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ.

"ಅವಳು ನನ್ನನ್ನು ಒಪ್ಪದಿದ್ದರೂ ಅಡ್ಡಿಯಿಲ್ಲ. ಬೇಡ ಅಂತ ಅವಳನ್ನು ಬಿಟ್ಟು ಹೋದವರದ್ದೇ ನಷ್ಟ ಅಂತ ಅವಳಿಗೆ ಯಾರಾದರೂ ಒಮ್ಮೆ ಹೇಳಬೇಕು."

ಮೂರು ವರ್ಷಗಳಲ್ಲಿ ಊರಿನವರು ಅವಳಿಗೆ ಎಷ್ಟೋ ಮಾತು ಹೇಳಿದ್ದರು. ಹಣೆಬರಹ ಎಂದಿದ್ದರು, ಮರೆತುಬಿಡು ಎಂದಿದ್ದರು. ಈ ಮಾತನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಅವಳು ಮುಖ ಮುಚ್ಚಿಕೊಂಡು ಅತ್ತಳು. ಅವನು ಗಾಬರಿಯಾಗಿ ಕುರ್ಚಿ ಎಳೆದ, ನೀರು ತಂದ. ಗ್ಲಾಸಿನ ಮೇಲೆಲ್ಲ ಅವನ ಶಾಯಿ ಬೆರಳಿನ ಗುರುತು.

"ಮತ್ತೆ ಅಳಿಸಿದೆನಾ?"

"ಹೌದು," ಎಂದಳು ಅವಳು, ಅಳುವಿನ ನಡುವೆಯೇ ನಗುತ್ತ. "ಇದು ಬೇರೆ ಅಳು. ಸುಮ್ಮನಿರಿ."

ಅವಳು ನೀರು ಕುಡಿದು ಗ್ಲಾಸನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು.

"ಪ್ರಮೋದ ಅವರೇ."

"ಹೇಳಿ."

"ನನಗೆ ಇನ್ನೂ ಹೆದರಿಕೆ ಇದೆ. ಪತ್ರಿಕೆ ಅಚ್ಚಾದ ಮೇಲೂ ಬೇಡ ಅಂದದ್ದನ್ನು ನೋಡಿದವಳು ನಾನು. ರಾತ್ರಿ ಮಲಗಿದ್ರೆ ಒಮ್ಮೊಮ್ಮೆ ಅದೇ ಕನಸು."

"ಹಾಗಾದ್ರೆ ಅವಸರ ಬೇಡ. ನಿಮಗೆ ಹೆದರಿಕೆ ಹೋಗುವವರೆಗೆ ನಾನು ಹೊನ್ನಾವರಕ್ಕೆ ಬರ್ತಾ ಇರ್ತೆ. ಒಂದು ವರ್ಷ ಆಗಲಿ, ಎರಡು ವರ್ಷ ಆಗಲಿ."

"ಎರಡು ವರ್ಷ?" ಅವಳು ಕಣ್ಣರಳಿಸಿದಳು. "ಅಷ್ಟೆಲ್ಲ ಬೇಡ. ಬರುವ ಭಾನುವಾರ ನಿಮ್ಮ ಅಮ್ಮನನ್ನು ಕರ್ಕೊಂಡು ಬನ್ನಿ. ದೊಡ್ಡಮ್ಮ ಮನೆಯಲ್ಲೇ ಇರ್ತಾರೆ."



"ಗೀತಾ..." ಮೊದಲ ಸಲ ಅವನ ಬಾಯಿಂದ ಆ ಹೆಸರು ಹಾಗೆ ಬಂತು. "ಹೆದರಿಕೆ?"

"ಇದೆ." ಅವಳು ಕೈ ಚಾಚಿ ಅವನ ಶಾಯಿ ಮೆತ್ತಿದ ಬೆರಳುಗಳನ್ನು ಹಿಡಿದುಕೊಂಡಳು. "ಇನ್ನು ಅದನ್ನು ಒಬ್ಬಳೇ ಇಟ್ಟುಕೊಳ್ಳೂದಿಲ್ಲ. ನಿಮಗೂ ಅರ್ಧ ಕೊಡ್ತೆ. ಆತಾ?"

"ಆತು," ಅಂದ ಅವನು.